ಸವಾರರ ಅಳತೆಗೆ ಸೈಕಲ್

ನಮ್ಮ ಚಾಂಪಿಯನ್ ರೀಫ್ಸ್‌ನಲ್ಲಿ ಸೈಕಲ್ಲೆಂಬುದು ಬಹುಕಾಲ ಅನ್ನದ ಸಾಧನವಾಗಿತ್ತು. ಗಣಿಯ ಸೈರನ್ ಕೂಗಿದೊಡನೆ ಸಾಲುಮನೆಗಳಿಂದ ಕಪ್ಪು ಸೈಕಲ್ಲುಗಳು ಹೊರಡುತ್ತಿದ್ದವು. ಹ್ಯಾಂಡಲ್ಲಿಗೆ ಊಟದ ಡಬ್ಬಿ ತೂಗುಹಾಕಿಕೊಂಡ ಕಾರ್ಮಿಕರು ಮೂರು ಕಿಲೋಮೀಟರಿಗೂ ಮಿಗಿಲಾದ ಆಳದ ಗಣಿಗೆ ಇಳಿಯಲು ಪಾಳಿಯ ಪ್ರಕಾರ ಸಾಗುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಇಂದು ನಮ್ಮ ಮಕ್ಕಳು ಬೆಳಗಿನ ಜಾವದ ರೈಲು ಹಿಡಿದು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಇಂತಹ ಊರಿನಲ್ಲಿ, ದುಡಿಮೆಗಲ್ಲದೆ ಪಂದ್ಯಕ್ಕೆಂದು ಲಕ್ಷ ರೂಪಾಯಿಗೂ ಮಿಕ್ಕ ಬೆಲೆಯ ಸೈಕಲ್ ಕೊಳ್ಳುವ ಮಾತು ಬಂದರೆ ಮನೆಯವರು ಬೆಚ್ಚಿಬೀಳುವುದು ಸಹಜವೇ ಆಗಿದೆ.

ನನ್ನ ತಮ್ಮನ ಮನೆಯಲ್ಲಿ ಈ ಮಾತು ಬಂದಿತು. ಅವನ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ಬಿಡುವಿಲ್ಲದೆ ಒಂದರ ಹಿಂದೊಂದು ಮಾಡಿ ಮುಗಿಸುವ ಟ್ರಯಥ್ಲಾನ್ ಎಂಬ ಪಂದ್ಯದಲ್ಲಿ ಅವಳಿಗೆ ಆಸಕ್ತಿ ಹುಟ್ಟಿತ್ತು. ಮದುವೆಗಿರಲಿ ಎಂದು ತಂದೆ ಹೇಳಿದಂತೆ ಅವಳೇ ತನ್ನ ಸಂಬಳದಿಂದ ಕೂಡಿಸಿದ್ದ ಹಣದಲ್ಲಿ ಒಂದು ಭಾಗವನ್ನು ಸೈಕಲ್ಲಿಗೆ ತೆಗೆಯುವೆನೆಂದಳು. ಇದಕ್ಕೂ ಮೊದಲು ಗೆಳತಿಯೊಬ್ಬಳಿಂದ ಎರವಲು ತಂದ ಸೈಕಲ್ಲಿನ ಮೇಲೆ ನಾಲ್ಕು ತಿಂಗಳು ಅಭ್ಯಾಸ ಮಾಡಿ, ಕೈಬೆರಳು ಜೋಮುಹಿಡಿದು, ಕತ್ತು ತಿರುಗಿಸಲಾರದೆ ಮನೆಗೆ ಬಂದಿದ್ದಳು. ತಾಯಿಗೆ ಅದೇ ದೊಡ್ಡ ಭಯ.

ತಮ್ಮ ನನ್ನ ಬಳಿಗೆ ಬಂದು, "ಅಣ್ಣ, ನನ್ನ ಮಾತು ಅವಳು ಕೇಳುವುದಿಲ್ಲ. ಬೇಡವೆಂದು ನೀವು ಒಂದು ಮಾತು ಹೇಳಿದರೆ ಬಿಟ್ಟುಬಿಡುತ್ತಾಳೆ" ಎಂದ. ಮಗಳನ್ನು ಕರೆದು ಕೇಳಿದೆ. "ದೊಡ್ಡಪ್ಪ, ಹಣ ನನ್ನದೇ. ಆದರೆ ಅಪ್ಪನ ಮನಸ್ಸು ನೋಯಿಸಿ ಕೊಂಡ ಸೈಕಲ್ಲನ್ನು ತುಳಿಯಲಾರೆ. ನೀವು ವಿಚಾರಿಸಿ ನೋಡಿ, ಬೇಡವೆಂದರೆ ಬಿಡುತ್ತೇನೆ" ಎಂದಳು. ವಿಚಾರಿಸಿ ನೋಡಿ ಎಂದ ಮೇಲೆ ವಿಚಾರಿಸದೆ ತೀರ್ಪು ಕೊಡುವುದು ನ್ಯಾಯವಲ್ಲ. ಎರಡು ವಾರಗಳ ಗಡುವು ಕೇಳಿ, ಅವಳು ತಂದುಕೊಟ್ಟ ಪುಸ್ತಕಗಳನ್ನು ಓದಿದೆ, ತಿಳಿದವರನ್ನು ಕೇಳಿದೆ. ಹಾಗೆ ತಿಳಿದುಕೊಂಡ ವಿಷಯವನ್ನೇ ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ. ಇಂದು ನಮ್ಮ ಅನೇಕ ಮನೆಗಳಲ್ಲಿ ಇಂತಹ ಮಕ್ಕಳಿದ್ದಾರೆ.

ಟ್ರಯಥ್ಲಾನ್ ತೀರಾ ಹಳೆಯ ಆಟವಲ್ಲ. 1978ರಲ್ಲಿ ಹವಾಯಿಯಲ್ಲಿ ಹದಿನೈದು ಮಂದಿ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟದ ಪಂದ್ಯಕ್ಕೆ ಹೊರಟರು. ಹನ್ನೆರಡು ಮಂದಿ ಮುಗಿಸಿದರು. 'ಐರನ್‌ಮ್ಯಾನ್' ಎಂಬ ಹೆಸರು ಅಲ್ಲಿಂದ ಬಂದುದು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 1.5, 40 ಮತ್ತು 10 ಕಿಲೋಮೀಟರುಗಳ ಪಂದ್ಯವಾಗಿ ಇದು ಸೇರಿತು. 2019ರಲ್ಲಿ ಗೋವೆಯಲ್ಲಿ ಇದರ ಅರ್ಧ ದೂರದ ಪಂದ್ಯ ಮೊದಲ ಬಾರಿಗೆ ನಡೆಯಿತು: 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ನಮ್ಮ ಹುಡುಗಿಯ ಕಣ್ಣು ಇದ್ದುದು ಇದರ ಮೇಲೆ. ಸೈಕಲ್ ನಮ್ಮ ನಾಡಿಗೆ ಹೊರಗಿನದೆಂದು ಯಾರೂ ಹೇಳುವಂತಿಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳ ಮಕ್ಕಳು, ಹೆಣ್ಣುಮಕ್ಕಳೂ ಸೇರಿದಂತೆ, ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿರುವುದು ಎಲ್ಲರಿಗೂ ತಿಳಿದ ಸಂಗತಿ.

ಮೊದಲನೆಯ ಪ್ರಶ್ನೆ, ಈ ಪಂದ್ಯಕ್ಕೆ ಬೇರೆಯೇ ಸೈಕಲ್ ಏಕೆ ಎಂಬುದು. ಉತ್ತರ ಗಾಳಿಯಲ್ಲಿದೆ. ಸಮನಾದ ರಸ್ತೆಯಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಸಾಗುವವನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ; ಅದನ್ನು ಎದುರಿಸಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಈ ತಡೆಯ ಮುಕ್ಕಾಲು ಪಾಲಿನಷ್ಟು ಉಂಟಾಗುವುದು ಸವಾರನ ಶರೀರದಿಂದ. ಸೈಕಲ್ಲಿನ ಪಾಲು ಉಳಿದದ್ದು ಮಾತ್ರ. ಆದುದರಿಂದ ದುಬಾರಿ ಚಕ್ರಗಳಿಗೆ ಹಣ ಸುರಿಯುವ ಮೊದಲು, ಕುಳಿತುಕೊಳ್ಳುವ ಭಂಗಿಯನ್ನು ಸರಿಪಡಿಸಿಕೊಳ್ಳುವುದೇ ವೇಗಕ್ಕೆ ಅಗ್ಗವಾದ ಹಾದಿ.

ಇದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. 1989ರ ಟೂರ್ ಡಿ ಫ್ರಾನ್ಸ್ ಪಂದ್ಯದ ಕೊನೆಯ ದಿನ ಅಮೆರಿಕದ ಗ್ರೆಗ್ ಲೆಮಾಂಡ್, ಫ್ರಾನ್ಸಿನ ಲೊರಾಂ ಫಿನ್ಯೋಂಗಿಂತ 50 ಸೆಕೆಂಡು ಹಿಂದಿದ್ದ. ಟ್ರಯಥ್ಲಾನ್ ಸವಾರರು ಬಳಸುತ್ತಿದ್ದ, ಮೊಣಕೈಗಳನ್ನು ಊರಿ ಮುಂದಕ್ಕೆ ಬಾಗಿ ಹಿಡಿಯುವ ಹ್ಯಾಂಡಲ್ಲನ್ನು ಲೆಮಾಂಡ್ ತನ್ನ ಸೈಕಲ್ಲಿಗೆ ಕಟ್ಟಿಸಿಕೊಂಡ, ಫಿನ್ಯೋಂ ಕಟ್ಟಿಸಿಕೊಳ್ಳಲಿಲ್ಲ. 24.5 ಕಿಲೋಮೀಟರ್ ಓಟ ಮುಗಿದಾಗ ಮೂರು ವಾರಗಳ ಆ ಪಂದ್ಯವನ್ನು ಲೆಮಾಂಡ್ ಎಂಟೇ ಸೆಕೆಂಡುಗಳ ಅಂತರದಿಂದ ಗೆದ್ದಿದ್ದ.

ಆದರೆ ಬಾಗುವುದೊಂದೇ ಗುಣವಲ್ಲ. ಸಾಮಾನ್ಯ ಸೈಕಲ್ಲಿನಲ್ಲಿ ಮುಂದಕ್ಕೆ ಬಾಗಿದರೆ ತೊಡೆ ಹೊಟ್ಟೆಗೆ ಒತ್ತುತ್ತದೆ, ಉಸಿರು ಕಟ್ಟುತ್ತದೆ. ಆದ್ದರಿಂದ ಟ್ರಯಥ್ಲಾನ್ ಸೈಕಲ್ಲಿನಲ್ಲಿ ಆಸನದ ಕೊಳವೆಯನ್ನು ಹೆಚ್ಚು ನೆಟ್ಟಗೆ ನಿಲ್ಲಿಸುತ್ತಾರೆ. ರಸ್ತೆ ಪಂದ್ಯದ ಸೈಕಲ್ಲಿನಲ್ಲಿ ಅದರ ಕೋನ 72ರಿಂದ 74 ಡಿಗ್ರಿ ಇದ್ದರೆ, ಇದರಲ್ಲಿ 76ರಿಂದ 80 ಡಿಗ್ರಿಯವರೆಗೆ ಇರುತ್ತದೆ. ಸವಾರ ಪೆಡಲುಗಳ ಮೇಲಕ್ಕೆ ಬಂದು ಕೂರುತ್ತಾನೆ. ಬೆನ್ನು ಬಾಗಿದರೂ ಸೊಂಟ ಮತ್ತು ತೊಡೆಯ ನಡುವಿನ ಕೋನ ತೆರೆದಿರುತ್ತದೆ. ಸೈಕಲ್ಲಿನಿಂದ ಇಳಿದು ಓಡಬೇಕಾದವರಿಗೆ ಇದು ಉಪಕಾರಿ.

ಇಷ್ಟು ತಿಳಿದ ಮೇಲೆ ನನಗೆ ಮಠದಲ್ಲಿ ಓದುತ್ತಿದ್ದ ಕಾಲದ ವ್ಯಾಸಪೀಠ ನೆನಪಾಯಿತು. ಚಿಕ್ಕ ಹುಡುಗರು ಓದಲು ಕುಳಿತಾಗ ನಮ್ಮ ಗುರುಗಳು ಮೊದಲು ಪೀಠದ ಎತ್ತರವನ್ನು ನೋಡುತ್ತಿದ್ದರು. ಪೀಠ ತಗ್ಗಾಗಿದ್ದರೆ ಕೆಳಗೆ ಮಣೆಯಿಡಿಸುತ್ತಿದ್ದರು. ಪೀಠಕ್ಕೆ ತಕ್ಕಂತೆ ಕತ್ತನ್ನು ಬಗ್ಗಿಸಿದವನು ಗಂಟೆಯೊಳಗೆ ಏಳುತ್ತಾನೆ, ಕತ್ತಿಗೆ ತಕ್ಕಂತೆ ಪೀಠವನ್ನಿಟ್ಟುಕೊಂಡವನು ಅಧ್ಯಾಯ ಮುಗಿಸಿ ಏಳುತ್ತಾನೆ ಎಂಬುದು ಅವರ ಅನುಭವ. ನಮ್ಮ ಹುಡುಗಿಯ ಕೈ ಜೋಮುಹಿಡಿದುದು ಆಟದ ದೋಷದಿಂದಲ್ಲ, ಹೆಣ್ಣಿನ ದೇಹದ ದೋಷದಿಂದಲೂ ಅಲ್ಲ. ಎರವಲು ತಂದ ಸೈಕಲ್ ಅವಳಿಗಿಂತ ಅರ್ಧ ಅಡಿ ಎತ್ತರದ ಗೆಳತಿಯ ಅಳತೆಯದಾಗಿತ್ತು. ಹ್ಯಾಂಡಲ್ಲನ್ನು ಮುಟ್ಟಲು ಅವಳು ಆಸನದ ತುದಿಗೆ ಜಾರಿ, ಮೈಭಾರವನ್ನೆಲ್ಲ ಅಂಗೈಗಳ ಮೇಲೆ ಹಾಕುತ್ತಿದ್ದಳು.

ಆಯ್ಕೆಯ ಮಾತಿಗೆ ಬರೋಣ. ಸೈಕಲ್ಲಿನ ಗಾತ್ರವನ್ನು ಹೆಸರಿಗೆ ಬರೆದ ಅಂಕಿಯಿಂದ ತಿಳಿಯಲಾಗದು. ಒಂದು ಕಂಪನಿಯ ಮಧ್ಯಮ ಗಾತ್ರ ಇನ್ನೊಂದರಲ್ಲಿ ದೊಡ್ಡದಾಗಿರಬಹುದು. ನೋಡಬೇಕಾದ ಅಳತೆಗಳು ಎರಡು. ಪೆಡಲುಗಳ ಅಚ್ಚಿನ ನಡುವಿನಿಂದ ಹ್ಯಾಂಡಲ್ ಕೂರುವ ಕೊಳವೆಯ ತುದಿಯವರೆಗಿನ ಎತ್ತರ ಒಂದು. ಅದಕ್ಕೆ 'ಸ್ಟ್ಯಾಕ್' ಎನ್ನುತ್ತಾರೆ. ಅದೇ ಎರಡು ಬಿಂದುಗಳ ನಡುವಿನ ಅಡ್ಡದೂರ ಇನ್ನೊಂದು, ಅದು 'ರೀಚ್'. ಸವಾರರ ಭಂಗಿಯನ್ನು ಮೊದಲು ನಿರ್ಧರಿಸಿ, ಅದಕ್ಕೆ ಒಪ್ಪುವ ಈ ಎರಡು ಅಳತೆಗಳ ಚೌಕಟ್ಟನ್ನು ಹುಡುಕಬೇಕು. ಸೈಕಲ್ ಕೊಂಡ ಮೇಲೆ ದೇಹವನ್ನು ಹೊಂದಿಸುವುದು ಹಿಂದುಮುಂದಾದ ಕ್ರಮ.

ನಾನೂ ಅವಳೂ ಬೆಂಗಳೂರಿನ ಅಂಗಡಿಯೊಂದಕ್ಕೆ ಹೋದೆವು. ಅಲ್ಲಿದ್ದ ಯುವಕ ಒಂದು ಗಾತ್ರ ದೊಡ್ಡದಾದ ಸೈಕಲ್ಲನ್ನು ತೋರಿಸಿ, ಇಪ್ಪತ್ತೈದು ಸಾವಿರ ರೂಪಾಯಿ ರಿಯಾಯಿತಿಯಿದೆ, ಆಸನ ಇಳಿಸಿದರೆ ಸರಿಹೋಗುತ್ತದೆ ಎಂದ. ಆಸನವನ್ನೇನೋ ಇಳಿಸಬಹುದು, ಚೌಕಟ್ಟಿನ ಉದ್ದವನ್ನು ಇಳಿಸುವವರಾರು? ಹುಡುಗಿ ನಯವಾಗಿ ಬೇಡವೆಂದಳು. ಅವಳ ಮೇಲೆ ನನಗೆ ನಂಬಿಕೆ ಮೂಡಿದುದು ಆಗ.

ಇನ್ನೊಂದು ವಿವೇಕದ ಮಾತೂ ಇದೆ. ಟ್ರಯಥ್ಲಾನ್ ಸೈಕಲ್ ಎಲ್ಲ ಪಂದ್ಯಗಳಿಗೂ ಸಲ್ಲುವುದಿಲ್ಲ. ಒಲಿಂಪಿಕ್ಸ್ ಮಾದರಿಯಲ್ಲಿ ಸವಾರರು ಒಬ್ಬರ ಬೆನ್ನಿಗೆ ಒಬ್ಬರು ಗುಂಪಾಗಿ ಸಾಗುವ ಪಂದ್ಯಗಳಲ್ಲಿ ಸಾಮಾನ್ಯ ರಸ್ತೆ ಸೈಕಲ್ಲೇ ಬೇಕು. ಮೊಣಕೈ ಊರಿ ಹಿಡಿದಾಗ ಬ್ರೇಕು ಕೈಗೆ ಸಿಗದು, ತಿರುವೂ ನಿಧಾನ. ರಾಬರ್ಟ್‌ಸನ್‌ಪೇಟೆಯ ಸಂತೆಯ ದಿನದ ರಸ್ತೆಯಲ್ಲಿ ಅದು ಅಪಾಯವೇ ಸರಿ. ಹೊಸಬರು ಅಳತೆಗೆ ಸರಿಯಾದ ರಸ್ತೆ ಸೈಕಲ್ ಕೊಂಡು, ಅದಕ್ಕೆ ಮೊಣಕೈ ಊರುವ ಹ್ಯಾಂಡಲ್ಲನ್ನು ಬಿಗಿದುಕೊಳ್ಳುವುದು ಕಡಿಮೆ ಖರ್ಚಿನ ಮಾರ್ಗ. ಮೊದಲ ಪಂದ್ಯ ಮುಗಿಯುವವರೆಗೆ ಹಾಗೆಯೇ ಆಗಲಿ ಎಂದು ಹೇಳಿದೆ. ಖರ್ಚು ಅವಳೆಣಿಸಿದ್ದಕ್ಕಿಂತ ಅರ್ಧಕ್ಕಿಂತಲೂ ಕಡಿಮೆಯಾಯಿತು. ತಮ್ಮನ ಮುಖವೂ ಅರ್ಧ ಅರಳಿತು.

ಹೊಂದಾಣಿಕೆಯ ಕೆಲಸ ನಮ್ಮ ಮನೆಯ ಪಡಸಾಲೆಯಲ್ಲೇ ನಡೆಯಿತು. ಗಣಿಯ ಕಾಲದಿಂದ ನೂರಾರು ಸೈಕಲ್ಲುಗಳನ್ನು ಬಿಚ್ಚಿ ಕಟ್ಟಿದ ಮುದುಕರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ, ಅವರನ್ನು ಕರೆಸಿದೆವು. ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ ಹುಡುಗಿಯನ್ನು ಕೂರಿಸಿ, ಹಿಮ್ಮಡಿಯನ್ನು ಪೆಡಲಿನ ಮೇಲಿಡಿಸಿ, ಪೆಡಲು ಕೆಳಗಿರುವಾಗ ಕಾಲು ನೆಟ್ಟಗಾಗಬೇಕೆಂದರು. ಪುಸ್ತಕದ ಲೆಕ್ಕ ಬೇರೆ: ಕಾಲಿನ ಒಳಅಳತೆಯನ್ನು 0.883ರಿಂದ ಗುಣಿಸಿದರೆ ಅಚ್ಚಿನ ನಡುವಿನಿಂದ ಆಸನದ ಮೇಲ್ಭಾಗದವರೆಗಿನ ಎತ್ತರ ಬರುತ್ತದೆ. ಅವಳ ಒಳಅಳತೆ 74 ಸೆಂಟಿಮೀಟರ್; ಗುಣಿಸಿದರೆ 65.3. ಮುದುಕರ ಹಿಮ್ಮಡಿಯ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ಅರ್ಧ ಸೆಂಟಿಮೀಟರಿನ ವ್ಯತ್ಯಾಸವೂ ಬರಲಿಲ್ಲ. ಪಾದದ ಮುಂಭಾಗದಿಂದ ತುಳಿಯುವಾಗ, ಪೆಡಲು ಕೆಳಗಿರುವಲ್ಲಿ ಮೊಣಕಾಲು 25ರಿಂದ 35 ಡಿಗ್ರಿಯಷ್ಟು ಬಾಗಿದ್ದರೆ ಎತ್ತರ ಸರಿ. ಸವಾರರ ಸೊಂಟ ಎಡಬಲಕ್ಕೆ ತೂಗಾಡಿದರೆ ಆಸನ ಹೆಚ್ಚು ಎತ್ತರವಾಗಿದೆಯೆಂದೂ, ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ತಗ್ಗಾಗಿರಬಹುದೆಂದೂ ತಿಳಿಯಬೇಕು.

ಎತ್ತರದ ನಂತರ ಆಸನದ ಮಾತು. ಮುಂದಕ್ಕೆ ಬಾಗಿದಾಗ ಸೊಂಟದ ಮೂಳೆ ಉರುಳಿ, ಭಾರ ಮೃದುವಾದ ಭಾಗದ ಮೇಲೆ ಬೀಳುತ್ತದೆ. ದಪ್ಪ ಮೆತ್ತೆ ಹಾಕಿದರೆ ಈ ನೋವು ಹೋಗದು. ಅನೇಕ ವೇಳೆ ಮೆತ್ತೆ ಕುಸಿದು ಒತ್ತಡ ಹೆಚ್ಚುತ್ತದೆ. ಮೂತಿ ಸೀಳಿದ, ನಡುವೆ ತೆರವಿರುವ ಮೋಟು ಆಸನಗಳು ಈ ಕಾರಣಕ್ಕಾಗಿಯೇ ಬಂದಿವೆ. ಹೆಣ್ಣುಮಕ್ಕಳು ಸಂಕೋಚದಿಂದ ಈ ನೋವನ್ನು ಹೇಳಿಕೊಳ್ಳದೆ ಸಹಿಸುತ್ತಾರೆ. ತಾಯಂದಿರು ಇದನ್ನು ಕೇಳಿ ತಿಳಿಯುವುದು ಒಳ್ಳೆಯದು. ನಮ್ಮ ಮನೆಯಲ್ಲೂ ವಿಷಯ ಹೊರಬಂದುದು ತಾಯಿ ಕೇಳಿದ ಮೇಲೆಯೇ.

ಕೊನೆಯದು ಮುಂಭಾಗ. ಮೊಣಕೈಗಳು ಭುಜದ ನೇರಕ್ಕೆ ಕೆಳಗೆ, ಅಥವಾ ತುಸು ಮುಂದೆ ಬರಬೇಕು. ಮೇಲ್ದೋಳು ಮತ್ತು ಬೆನ್ನಿನ ನಡುವೆ ಸುಮಾರು 90 ಡಿಗ್ರಿ ಇದ್ದರೆ ಭಾರವನ್ನು ಸ್ನಾಯು ಹೊರದೆ ಮೂಳೆ ಹೊರುತ್ತದೆ. ಮೊದಲ ದಿನವೇ ಹ್ಯಾಂಡಲ್ಲನ್ನು ಪೂರ್ತಿ ತಗ್ಗಿಸಬಾರದು. ಎತ್ತರದಿಂದ ಆರಂಭಿಸಿ, ದೇಹ ಒಗ್ಗಿದಂತೆ ಒಂದೊಂದೇ ಸೆಂಟಿಮೀಟರ್ ಇಳಿಸಬೇಕು. ಕತ್ತೆತ್ತಲು ಪ್ರಯಾಸವಿಲ್ಲದೆ ಮುಂದಿನ ರಸ್ತೆ ಕಾಣುತ್ತಿದೆಯೇ ಎಂಬುದೇ ಪರೀಕ್ಷೆ. ಹತ್ತು ನಿಮಿಷ ತಗ್ಗಾಗಿ ಬಾಗಿ ಆಮೇಲೆ ನೋವಿನಿಂದ ಎದ್ದು ಕೂರುವವನಿಗಿಂತ, ತುಸು ಎತ್ತರದಲ್ಲಿದ್ದು ಮೂರು ಗಂಟೆ ಹಾಗೆಯೇ ಇರಬಲ್ಲವನು ಬೇಗ ತಲುಪುತ್ತಾನೆ. ಈ ಆಟದಲ್ಲಿ ಸುಖವೂ ವೇಗವೂ ಶತ್ರುಗಳಲ್ಲ. ಬಹಳ ದೂರದ ದಾರಿಯಲ್ಲಿ ಸುಖವೇ ವೇಗ.

ಟೈರಿನ ವಿಷಯದಲ್ಲೂ ಇದೇ ನಿಜ. ಹಿಂದೆ ಸಪೂರ ಟೈರಿಗೆ ಕಲ್ಲಿನಂತೆ ಗಾಳಿ ತುಂಬುವುದೇ ವೇಗವೆಂಬ ನಂಬಿಕೆಯಿತ್ತು. ನಮ್ಮ ಗಣಿಯೂರಿನ ತರಕಲು ರಸ್ತೆಯಲ್ಲಿ ಅಂತಹ ಟೈರು ಪುಟಿಯುತ್ತದೆ, ಸವಾರರ ಶಕ್ತಿಯನ್ನು ಕುಲುಕಾಟದಲ್ಲಿ ಚೆಲ್ಲುತ್ತದೆ. 28 ಮಿಲಿಮೀಟರ್ ಅಗಲದ ಟೈರಿಗೆ ತೂಕಕ್ಕೆ ತಕ್ಕಷ್ಟು ಗಾಳಿ ಹಾಕಿದರೆ ಸುಖವೂ ಹೌದು, ವೇಗಕ್ಕೆ ನಷ್ಟವೂ ಇಲ್ಲ.

ಎಲ್ಲ ಮುಗಿದ ಮೇಲೆ ಸರಿಯಾಯಿತೇ ಎಂದು ತಿಳಿಯುವ ಬಗೆ ಸುಲಭ. ಪಕ್ಕದಿಂದ ಮೊಬೈಲಿನಲ್ಲಿ ಚಿತ್ರ ತೆಗೆದು ಕೋನಗಳನ್ನು ನೋಡುವುದು. ಒಂದು ಗಂಟೆ ಸವಾರಿ ಮಾಡಿ ಇಳಿದೊಡನೆ ಹದಿನೈದು ನಿಮಿಷ ಓಡುವುದು. ಬೆನ್ನು ಹಿಡಿಯದೆ ಕಾಲು ಓಡಿದರೆ ಅಳತೆ ಒಪ್ಪಿದೆ ಎಂದರ್ಥ. ನಮ್ಮ ಹುಡುಗಿ ಭಾನುವಾರದ ಬೆಳಗ್ಗೆ ಬೇತಮಂಗಲದ ಕಡೆಗೆ ಹೋಗಿ ಬಂದು ಹೀಗೆ ಓಡಿದಳು. ಹಿಂದೆ ಸ್ಕೂಟರಿನಲ್ಲಿ ಕಾವಲಿಗೆ ಹೋದವನು ನನ್ನ ತಮ್ಮ. ಎರಡನೆಯ ತಿಂಗಳಿನಲ್ಲಿ ಹ್ಯಾಂಡಲ್ಲನ್ನು ಒಂದು ಸೆಂಟಿಮೀಟರ್ ಇಳಿಸಬೇಕಾಗಿ ಬಂದಾಗ ಪಾನಾ ಹಿಡಿದವನೂ ಅವನೇ. ಈಗ ಅವಳ ಬೆರಳು ಜೋಮುಹಿಡಿಯುವುದಿಲ್ಲ. ಪಂದ್ಯ ಇನ್ನೂ ಮುಂದಿದೆ. ಗೆಲುವು ಸೋಲಿನ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಮಕ್ಕಳು ನಾವರಿಯದ ವಸ್ತುವೊಂದನ್ನು ಬಯಸಿದಾಗ ಹಿರಿಯರಾದ ನಮಗೆ ಎರಡು ಸುಲಭದ ದಾರಿಗಳು ಕಾಣುತ್ತವೆ: ಬೇಡವೆನ್ನುವುದು, ಇಲ್ಲವೇ ಹಣ ಕೊಟ್ಟು ಕೈತೊಳೆದುಕೊಳ್ಳುವುದು. ಮೂರನೆಯ ದಾರಿ ತುಸು ಶ್ರಮದ್ದು. ಅವರೊಡನೆ ಕುಳಿತು ಆ ವಸ್ತುವನ್ನು ತಿಳಿದುಕೊಂಡು, ಅವರ ಅಳತೆಗೆ ಒಪ್ಪುವುದಾವುದೆಂದು ಕೂಡಿಯೇ ಹುಡುಕುವುದು. ಅದಕ್ಕೆ ಬೇಕಾದುದು ಒಂದು ಅಳತೆಪಟ್ಟಿ, ಎರಡು ವಾರಗಳ ಬಿಡುವು ಮತ್ತು ಕೇಳಿಸಿಕೊಳ್ಳುವ ಕಿವಿ. ಇವು ಯಾವ ಮನೆಯಲ್ಲಿಲ್ಲ?