ಪಕ್ಕದೂರಿನ ಅಂಚು (ನಮ್ ದುರ್ಗದ ಆ್ಯಪ್, ಭಾಗ 4)

ಕೋಟೆ ಹತ್ತಿದ್ರಿ, ಓಬವ್ವನ ಕಿಂಡಿ ಹತ್ರ ಫೋಟೋ ತೆಗೆಸ್ಕೊಂಡ್ರಿ, ಬಸ್ ಹತ್ತಿ ಹೊರಟ್ರಿ. ಚಿತ್ರದುರ್ಗ ಅಂದ್ರೆ ಇಷ್ಟೇ ಅಂದ್ಕೊಂಡು ಹೋಗೋರೇ ಜಾಸ್ತಿ. ಅವರನ್ನ ಇನ್ನೊಂದು ದಿನ ನಿಲ್ಲಿಸ್ಕೊಳ್ಳೋಕೇ ಈ ಆ್ಯಪ್.

ಊರಿಗೊಂದು ಪುಟ. ಬೆರಳಲ್ಲಿ ಎಡಕ್ಕೆ ಸರಿಸಿದ್ರೆ ಮುಂದಿನ ಊರು. ಆದರೆ ಕೋಟೆಯೇ ಸ್ಕ್ರೀನ್ ಪೂರ್ತಿ ತುಂಬಿಕೊಂಡ್ರೆ, ಆಚೆಗೆ ಹಿರಿಯೂರು ಇದೆ ಅಂತ ಯಾರಿಗೆ ತಿಳಿಯುತ್ತೆ? ಕೆಳಗೆ ಚುಕ್ಕಿ ಇಡಬಹುದು. ಚುಕ್ಕಿ "ಇನ್ನೂ ಇದೆ" ಅನ್ನುತ್ತೆ, ಏನಿದೆ ಅಂತ ಹೇಳಲ್ಲ.

ಅದಕ್ಕೇ ಪಕ್ಕದ ಪುಟ ಸ್ವಲ್ಪ ಇಣುಕಬೇಕು. ಫ್ಲಟರ್‌ನ ಪೇಜ್‌ವ್ಯೂನಲ್ಲಿ ವ್ಯೂಪೋರ್ಟ್‌ಫ್ರ್ಯಾಕ್ಷನ್ ಅಂತ ಒಂದು ಅಳತೆ ಇದೆ. ನೀವು ಮುಟ್ಟದಿದ್ರೆ ಅದು 1.0, ಪೂರ್ತಿ ಅಗಲ ಒಂದೇ ಪುಟಕ್ಕೆ. ನಾನು 0.85 ಕೊಟ್ಟಿದ್ದೀನಿ. ಉಳಿದ ಶೇ 15ರಲ್ಲಿ ಎಡಕ್ಕರ್ಧ, ಬಲಕ್ಕರ್ಧ. 360 ಡಿಪಿ ಅಗಲದ ಫೋನಲ್ಲಿ ಬದಿಗೆ 27 ಡಿಪಿ. ಪುಟಗಳ ನಡುವಿನ ಸಂದು ಕಳೆದ್ರೆ ಸುಮಾರು 20. ಅಂದ್ರೆ ಹೆಚ್ಚುಕಡಿಮೆ ಮೂರು ಮಿಲಿಮೀಟರ್.

ಮೂರು ಮಿಲಿಮೀಟರಲ್ಲಿ ಒಂದು ಊರು ನಿಮ್ಮನ್ನ ಕರೀಬೇಕು!

ಕೋಡ್ ಒಂದೇ ಸಾಲು. ನಿಜವಾದ ಕೆಲಸ ಫೋಟೋದ್ದು. ವಿಷಯವೆಲ್ಲ ನಟ್ಟನಡುವೆ ಇದ್ರೆ ಅಂಚಲ್ಲಿ ಕಾಣೋದು ಬರೀ ಆಕಾಶ. ಹಾಗಾಗಿ ಹಿರಿಯೂರಿಗೆ ವಾಣಿವಿಲಾಸ ಸಾಗರದ ಕಟ್ಟೆ ಎಡ ಅಂಚಿಂದಲೇ ಶುರುವಾಗೋ ಚಿತ್ರ. ಹೊಸದುರ್ಗಕ್ಕೆ ಸಾಣೇಹಳ್ಳಿ ಬಯಲು ರಂಗಮಂದಿರದ ಮೆಟ್ಟಿಲು. ಹೊಳಲ್ಕೆರೆಗೆ ಬಯಲು ಗಣಪನ ಮೊರದಗಲ ಕಿವಿ.

ಊರುಗಳ ಸಾಲೂ ಸುಮ್ನೆ ಇಟ್ಟಿದ್ದಲ್ಲ. ಹೊಸದುರ್ಗ ತಾಲ್ಲೂಕು ದಾಟಿ ಬರೋ ವೇದಾವತಿಯೇ ಹಿರಿಯೂರಿನ ಮಾರಿಕಣಿವೆಯಲ್ಲಿ ನಿಲ್ಲೋದು. 1933ರಲ್ಲಿ ಕೋಡಿ ಬಿದ್ದ ಈ ಕಟ್ಟೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಿನ್ನೀರು ಹೊಸದುರ್ಗದ ಕಡೆಗೇ ಚಾಚಿದೆ. ಹಿರಿಯೂರಿಂದ ಹೊಸದುರ್ಗಕ್ಕೆ ನೀವು ಬೆರಳು ಸರಿಸೋದು ಅಂದ್ರೆ ಹೊಳೆಗೆ ಎದುರಾಗಿ ಮೇಲಕ್ಕೆ ಹೋದ ಹಾಗೆ. ನೆಲದ ಮೇಲೆ ಅಕ್ಕಪಕ್ಕ ಇರೋ ಊರು ಫೋನಲ್ಲೂ ಅಕ್ಕಪಕ್ಕ ಇರಲಿ.

ಒಂದು ಎಚ್ಚರಿಕೆ: ನೀವೂ ಹೀಗೆ ಮಾಡೋದಾದ್ರೆ, ನಡುವಿನ ಪುಟದ ಜೊತೆ ಅಕ್ಕಪಕ್ಕದ ಫೋಟೋಗಳೂ ಒಟ್ಟಿಗೇ ಲೋಡ್ ಆಗ್ತವೆ. ಹಳ್ಳಿ ನೆಟ್‌ವರ್ಕಲ್ಲಿ ಅದು ಭಾರ. ಮೊದಲು ಚಿಕ್ಕ ಸೈಜಿನ ಚಿತ್ರ ತೋರಿಸಿ, ಆ ಪುಟ ನಡುವಿಗೆ ಬಂದ ಮೇಲೆ ದೊಡ್ಡದು ತನ್ನಿ.

ಹೊಳಲ್ಕೆರೆ ಪುಟದ ಬಲ ಅಂಚು ಸದ್ಯಕ್ಕೆ ಖಾಲಿ. ಚಳ್ಳಕೆರೆ, ಮೊಳಕಾಲ್ಮೂರಿನವರೇ, ಆ ಜಾಗ ನಿಮ್ಮದು. ನಿಮ್ಮೂರಿನ ಯಾವ ಚಿತ್ರ ಆ ಮೂರು ಮಿಲಿಮೀಟರಲ್ಲೇ "ಬನ್ನಿ" ಅನ್ನುತ್ತೆ? ಕಾಮೆಂಟಲ್ಲಿ ಹೇಳಿ 👇

#ಚಿತ್ರದುರ್ಗ #ಹಿರಿಯೂರು #ಹೊಸದುರ್ಗ #ಹೊಳಲ್ಕೆರೆ #ಕನ್ನಡದಲ್ಲಿ_ಕೋಡಿಂಗ್