ಡಿಶ್ಶಿನಿಂದ ಟಿವಿಯವರೆಗಿನ ಕರಿ ವೈರು

ಮನೆಗೆ ಡಿಶ್ ಹಾಕಿಸುವವರು ಬಾಕ್ಸಿನ ಬೆಲೆ ಕೇಳುತ್ತಾರೆ, ಎಷ್ಟು ಚಾನೆಲ್ ಬರುತ್ತವೆಂದು ಹತ್ತು ಸಲ ಕೇಳುತ್ತಾರೆ. ನಡುವಿನ ಕರಿ ವೈರನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಪಾಠಗಳು ಬರುತ್ತಿದ್ದವು. ಒಂಬತ್ತನೇ ತರಗತಿಯ ನನ್ನ ಶಿಷ್ಯನೊಬ್ಬ ಅಪ್ಪನ ಬಟನ್ ಫೋನಿನಿಂದ ಕರೆ ಮಾಡಿ, "ಸಾರ್, ಮಳೆ ನಿಂತು ಎರಡು ದಿನ ಆದ್ರೂ ಚಿತ್ರ ಚೌಕ ಚೌಕವಾಗಿ ಒಡೀತಾನೇ ಇದೆ" ಎಂದ. ಆ ಮನೆಗೆ ಟಿವಿಯೇ ಶಾಲೆ. ತಂದೆ ಕೈಸಾಲ ಮಾಡಿ ಹೊಸ ಬಾಕ್ಸ್ ತರಲು ಹೊರಟಿದ್ದರು. ನಾನು ಹೋಗಿ ಮಹಡಿ ಹತ್ತಿ ನೋಡಿದರೆ, ಡಿಶ್ಶಿನ ಕಡೆಯ ಕನೆಕ್ಟರ್ ಬಿಚ್ಚಿದ ಕೂಡಲೇ ನೀರು ಸುರಿಯಿತು. ಒಳಗಿನ ತಾಮ್ರಕ್ಕೆ ಕಿಲುಬು ಹಿಡಿದಿತ್ತು. ಬಾಕ್ಸಿನ ಕರೆಂಟು ತೆಗೆಸಿ, ಕೆಟ್ಟಷ್ಟು ವೈರು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿದೆವು. ಖರ್ಚು ಇಪ್ಪತ್ತು ರೂಪಾಯಿ. "ಇಷ್ಟೇನಾ ಮೇಷ್ಟ್ರೇ?" ಎಂದು ಆತ ಕೇಳಿದ್ದರಲ್ಲಿ ಸಂತೋಷಕ್ಕಿಂತ ಅನುಮಾನವೇ ಹೆಚ್ಚಿತ್ತು.

ಈ ವೈರಿನಲ್ಲಿ ಎರಡು ದಿಕ್ಕಿನ ಸಂಚಾರವಿದೆ. ಉಪಗ್ರಹದ ಅಲೆಗಳನ್ನು ಡಿಶ್ಶಿನ ಮುಂದಿರುವ ಎಲ್‌ಎನ್‌ಬಿ 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕೆಳಗೆ ಕಳಿಸುತ್ತದೆ. ಅದೇ ವೈರಿನಲ್ಲಿ ಬಾಕ್ಸು 13 ಅಥವಾ 18 ವೋಲ್ಟ್ ವಿದ್ಯುತ್ತನ್ನು ಮೇಲಕ್ಕೆ ಕಳಿಸಿ ಎಲ್‌ಎನ್‌ಬಿಯನ್ನು ನಡೆಸುತ್ತದೆ. ಅಧಿಕ ಆವರ್ತನದ ವಿದ್ಯುತ್ತು ತಂತಿಯ ಚರ್ಮದಲ್ಲಷ್ಟೇ ಹರಿಯುತ್ತದೆ. 1000 ಮೆಗಾಹರ್ಟ್ಸ್‌ನಲ್ಲಿ ತಾಮ್ರದೊಳಗೆ ಅದರ ಆಳ ಸುಮಾರು 2 ಮೈಕ್ರೋಮೀಟರ್. ಹಾಗಾಗಿ ತಾಮ್ರ ಲೇಪಿಸಿದ ಉಕ್ಕಿನ ತಂತಿಯೂ ಚಿತ್ರವನ್ನು ಚೆನ್ನಾಗಿಯೇ ತರುತ್ತದೆ. ಆದರೆ ಮೇಲಕ್ಕೆ ಹೋಗುವ ನೇರ ವಿದ್ಯುತ್ತಿಗೆ ಇಡೀ ತಂತಿ ಬೇಕು. ಅಲ್ಲಿ ಉಕ್ಕಿನದರ ರೋಧ ನಾಲ್ಕೈದು ಪಟ್ಟು ಜಾಸ್ತಿ. ಹತ್ತಿಪ್ಪತ್ತು ಮೀಟರಿಗೆ ಚಿಂತೆಯಿಲ್ಲ. ಮೂರು ಮಹಡಿ ಇಳಿಸಿ ಮನೆ ಸುತ್ತಿಸುವುದಾದರೆ ಅಪ್ಪಟ ತಾಮ್ರವೇ ಇರಲಿ. ಅಂಗಡಿಗೆ ಹೋಗುವಾಗ ಪ್ರಯೋಗಾಲಯದ ಅಯಸ್ಕಾಂತವೊಂದು ಜೇಬಿನಲ್ಲಿದ್ದರೆ ಸಾಕು, ಒಳತಂತಿ ಅಂಟಿಕೊಂಡರೆ ಅದು ಉಕ್ಕು.

ಅದೇ ಹುಡುಗ ಶಾಲೆ ತೆರೆದ ಮೇಲೆ ಮಲ್ಟಿಮೀಟರ್ ಹಿಡಿದು ಬಂದ. "ವೈರಿನ ಮೇಲೆ 75 ಓಂ ಅಂತಿದೆ, ಮೀಟರ್ ತೋರಿಸೋದೇ ಇಲ್ಲ ಸಾರ್!" ಎಂಥ ಒಳ್ಳೆಯ ಪ್ರಶ್ನೆ! ಆ 75 ಓಂ ಉದ್ದಕ್ಕೆ ತಕ್ಕಂತೆ ಬೆಳೆಯುವ ರೋಧವಲ್ಲ. ಒಳತಂತಿಯ ದಪ್ಪಕ್ಕೂ ಹೊರಗಿನ ಜಾಲರಿಯ ವ್ಯಾಸಕ್ಕೂ ಇರುವ ಅನುಪಾತ, ನಡುವಿನ ಬಿಳಿ ನೊರೆ ಪ್ಲಾಸ್ಟಿಕ್ಕಿನ ಗುಣ, ಇವು ನಿರ್ಧರಿಸುವ ಸಂಖ್ಯೆ ಅದು. ದಪ್ಪ ಹಗ್ಗಕ್ಕೆ ತೆಳು ಹಗ್ಗ ಗಂಟು ಹಾಕಿ ಅಲ್ಲಾಡಿಸಿದರೆ, ಗಂಟಿನ ಬಳಿ ಅಲೆಯ ಒಂದು ಪಾಲು ಹಿಂದಿರುಗುತ್ತದಲ್ಲವೆ? ಕಿಟಕಿ ಬಾಗಿಲಿಗೆ ಸಿಕ್ಕಿ ವೈರು ಚಪ್ಪಟೆಯಾದಲ್ಲಿ ಆಗುವುದೂ ಅದೇ. ಮೊಳೆ ಬಗ್ಗಿಸಿ ಗೋಡೆಗೆ ಬಿಗಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕೊಳ್ಳುವಾಗ ಆರ್‌ಜಿ-6 ಎಂದೇ ಕೇಳಿ. 30 ಮೀಟರ್ ದಾಟುವಷ್ಟರಲ್ಲಿ, 1000 ಮೆಗಾಹರ್ಟ್ಸ್‌ನಲ್ಲಿ, ಅದರಲ್ಲೂ ಸಂಕೇತದ ಸುಮಾರು ಕಾಲು ಪಾಲಷ್ಟೇ ಉಳಿಯುತ್ತದೆ. ತೆಳ್ಳಗಿನ ಆರ್‌ಜಿ-59ರಲ್ಲಿ ಇನ್ನೂ ಕಡಿಮೆ. ತಿರುಚಿ ಹಾಕುವ ಎಫ್ ಕನೆಕ್ಟರಿಗಿಂತ ಉಪಕರಣದಿಂದ ಒತ್ತಿ ಕೂರಿಸುವುದು ವಾಸಿ. ಯಾವುದೇ ಇರಲಿ, ಜಾಲರಿಯ ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು. ಹೊರಗಿನ ಕನೆಕ್ಟರಿಗೆ ನೀರು ಇಳಿಯದಂತೆ ರಬ್ಬರ್ ಟೇಪು ಸುತ್ತಿಸಿ. ವೈರು ಗೋಡೆಯೊಳಗೆ ಹೋಗುವ ಮುನ್ನ ಒಂದು ಗೇಣು ಕೆಳಗೆ ಜೋತುಬಿಟ್ಟು ಮತ್ತೆ ಮೇಲಕ್ಕೆ ತಂದರೆ, ಮಳೆನೀರು ಮನೆಯೊಳಗೆ ಬರದೆ ಅಲ್ಲಿಂದಲೇ ತೊಟ್ಟಿಕ್ಕುತ್ತದೆ.