ಓತಿಕ್ಯಾತಕ್ಕೂ ದುಡ್ಡು ಕೊಡ್ತಾರೇನ್ಲಾ?

ಈಚೆಗೆ ಮೂರು ಜನ ಗೆಳೆಯರು ಒಬ್ಬರಾದ ಮೇಲೊಬ್ಬರು ಕೇಳಿದರು: "ನಿಮ್ಮನೇಲಿರೋ ಆ ಡ್ರಾಗನ್ ಹೇಗೆ ಆರಿಸಿದ್ರಿ? ನಮ್ ಮಕ್ಳೂ ಹಠ ಹಿಡಿದಿದಾರೆ." ಮೂವರಿಗೂ ಅರ್ಧರ್ಧ ಗಂಟೆ ಕೊರೆದೆ. ನಾಲ್ಕನೆಯವರಿಗೆ ಈ ಬರಹ ತೋರಿಸಿ ಕೈ ತೊಳೆದುಕೊಳ್ಳೋಣ ಅಂತ ಕೂತಿದ್ದೇನೆ :-)

ನಾವಿರುವುದು ಅಮೆರಿಕದ ಒಹಾಯೋದಲ್ಲಿ. ಮಗಳಿಗೆ ಒಂಬತ್ತು ವರ್ಷ. ನಾಯಿ, ಬೆಕ್ಕು ಯಾವುದು ಹತ್ತಿರ ಬಂದರೂ ಅವಳಿಗೆ ಉಬ್ಬಸ. ಶಾಲೆಯಲ್ಲಿ ಯಾರೋ ತಂದಿದ್ದ ಬಿಯರ್ಡೆಡ್ ಡ್ರಾಗನ್ ನೋಡಿ ಬಂದವಳು ಅದೇ ಬೇಕು ಅಂತ ಪಟ್ಟು ಹಿಡಿದಳು. ಹೆಸರು ಕೇಳಿ ಹೆದರಬೇಡಿ. ಸಿಟ್ಟು ಬಂದರೆ ಗಂಟಲ ಕೆಳಗಿನ ಮುಳ್ಳುಮುಳ್ಳು ಚರ್ಮ ಉಬ್ಬಿ ಕಪ್ಪಾಗುತ್ತದೆ, ಅದೇ ಗಡ್ಡ. ಮೂಲ ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿಂದ ವನ್ಯಜೀವಿ ಮಾರಾಟಕ್ಕೆ ದಶಕಗಳಿಂದ ನಿಷೇಧ, ಹಾಗಾಗಿ ಇಲ್ಲಿ ಸಿಗುವುದೆಲ್ಲ ಸಾಕಿದವರ ಬಳಿಯೇ ಮೊಟ್ಟೆಯೊಡೆದು ಬಂದ ಮರಿಗಳು. ಅಗಾಮಿಡೇ ಕುಟುಂಬ. ಅಂದರೆ ನಮ್ಮೂರ ಬೇಲಿ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತ, ತೇಜಸ್ವಿಯವರ 'ಕರ್ವಾಲೊ'ದಲ್ಲಿ ಎಲ್ಲರನ್ನೂ ಕಾಡು ಅಲೆಸಿದ ಹಾರುವ ಓತಿ, ಎಲ್ಲ ಇದರ ದಾಯಾದಿಗಳೇ!

ಆರು ತಿಂಗಳಿಗೆಂದು ಬಂದಿದ್ದ ನನ್ನಮ್ಮನಿಗೆ ಹೀಗೆಲ್ಲ ವಿವರಿಸಿದಾಗ ಅವಳು ಕೇಳಿದ್ದು ಒಂದೇ: "ಓತಿಕ್ಯಾತಕ್ಕೂ ದುಡ್ಡು ಕೊಡ್ತಾರೇನ್ಲಾ? ನಮ್ ಬೇಲೀಲಿ ಬೇಕಾದಷ್ಟವೆ."

ಮೊದಲು ಮನೆ, ಆಮೇಲೆ ಪ್ರಾಣಿ. ನಾಲ್ಕಡಿ ಉದ್ದ, ಎರಡಡಿ ಅಗಲದ ಪೆಟ್ಟಿಗೆ, ಒಂದು ತುದಿಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿ, ಇನ್ನೊಂದು ತುದಿಯಲ್ಲಿ 25ರ ಆಸುಪಾಸು, ಮೇಲೊಂದು ಯುವಿಬಿ ಟ್ಯೂಬು. ಕಿಟಕಿ ಬಿಸಿಲು ಸಾಕಲ್ಲ ಅಂತ ಒಬ್ಬರು ವಾದಿಸಿದರು. ಸಾಲದು ಸ್ವಾಮಿ, ಗಾಜು ಯುವಿಬಿಯನ್ನು ತಡೆಯುತ್ತದೆ. ಇದಕ್ಕೆಲ್ಲ ಆಗುವ ಖರ್ಚು ಮರಿಯ ಬೆಲೆಗಿಂತ ಎಷ್ಟೋ ಹೆಚ್ಚು. ಜೊತೆಗೆ ಹತ್ತು ವರ್ಷದ ಬದ್ಧತೆ. ನನ್ನ ಮಗಳು ಕಾಲೇಜಿಗೆ ಹೋದ ಮೇಲೆ ಸೊಪ್ಪು ಹೆಚ್ಚುವವರು ಯಾರು ಅಂತ ನನ್ನ ಹೆಂಡತಿ ಆಗಲೇ ನನ್ನ ಕಡೆ ನೋಡಿಯಾಗಿದೆ.

ಇನ್ನು ಆರಿಸುವ ವಿಷಯ. ಅಂಗಡಿಯ ಪೆಟ್ಟಿಗೆಯಲ್ಲಿ ಆರು ಮರಿಗಳಿದ್ದವು. ಮಗಳು ನೇರ ಹೋಗಿ ನಿಂತದ್ದು ಮೂಲೆಯಲ್ಲಿ ಅರೆಗಣ್ಣು ಮುಚ್ಚಿ ಮಲಗಿದ್ದ ಎಲ್ಲಕ್ಕಿಂತ ಚಿಕ್ಕದರ ಮುಂದೆ. ಅಂಗಡಿ ಹುಡುಗ ಅದನ್ನೆತ್ತಿ ಅವಳ ಅಂಗೈ ಮೇಲಿಟ್ಟ. ಅದು ಮಿಸುಕಲಿಲ್ಲ. "ತುಂಬಾ ಸಾಧು, ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ" ಅಂದ. ಮಗಳು ಆಗಲೇ ಅದಕ್ಕೊಂದು ಹೆಸರಿಟ್ಟಿದ್ದಳು.

ಅಮ್ಮನ ತವರು ದೊಡ್ಡಬಳ್ಳಾಪುರದ ಕಡೆ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಅವಳಪ್ಪ ಹೋರಿ ಕೊಳ್ಳುವಾಗ ಪಕ್ಕದಲ್ಲಿ ನಿಂತು ನೋಡಿದವಳು. ಹುಡುಗನ ಇಂಗ್ಲಿಷು ಅವಳಿಗೆ ಅರ್ಥವಾಗಿರಲಿಲ್ಲ, ಮರಿ ಅರ್ಥವಾಗಿತ್ತು. "ಅದು ಸಾಧು ಅಲ್ಲ ಕಣ್ಲಾ, ನಿತ್ರಾಣ ಆಗೈತೆ. ಕೆಳಗ್ ಬಿಟ್ಟು ನಡೆಸು ಅನ್ನು."

ನಡೆಸಿದರು. ಹೊಟ್ಟೆ ನೆಲಕ್ಕೆ ಎಳೆಯುತ್ತಿತ್ತು, ಮುಂಗಾಲು ನಡುಗುತ್ತಿತ್ತು. ಬಾಲದ ಬುಡದಲ್ಲಿ ಮೂಳೆ ಎದ್ದು ಕಾಣುತ್ತಿತ್ತು. ಕ್ಯಾಲ್ಸಿಯಂ ಮತ್ತು ಯುವಿಬಿ ಸಾಲದೆ ಬರುವ ಮೂಳೆ ರೋಗದ ಲಕ್ಷಣಗಳಿವು. ರೋಗ ಜೋರಾದರೆ ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಕೈಕಾಲು ಸೊಟ್ಟಗಾಗುತ್ತವೆ. ಪಕ್ಕದ ಮರಿಯಾದರೋ ತಲೆ ಎತ್ತಿ, ನನ್ನ ಬೆರಳು ಹೋದ ಕಡೆಗೆಲ್ಲ ಕಣ್ಣು ತಿರುಗಿಸುತ್ತಿತ್ತು. ಹಿಡಿಯಲು ಹೋದರೆ ಓಡಿತು. ನಮಗೆ ಬೇಕಾದದ್ದು ಹಾಗೆ ಓಡುವ ಮರಿಯೇ. ಕೈಗೆ ಒಗ್ಗಿಸುವುದು ಆಮೇಲಿನ ಕೆಲಸ, ಕೆಲವು ವಾರ ಹಿಡಿಯುತ್ತದೆ.

"ಹಾಗಾದ್ರೆ ಇದನ್ನೇ ತಗೊಂಡು ಡಾಕ್ಟರ್ ಹತ್ರ ಹೋಗೋಣ ಅಪ್ಪಾ" ಅಂದಳು ಮಗಳು. ಇದಕ್ಕೆ ಉತ್ತರ ಹೇಳುವುದೇ ಕಷ್ಟ ನೋಡಿ. ಸರೀಸೃಪ ನೋಡುವ ಪಶುವೈದ್ಯರು ಕಡಿಮೆ, ಸೊಟ್ಟಗಾದ ಮೂಳೆ ಪೂರ್ತಿ ನೆಟ್ಟಗಾಗುವುದಿಲ್ಲ. ಮೊದಲ ಸಲ ಸಾಕುವವರಿಗೆ ಆರೋಗ್ಯವಾಗಿರುವ ಮರಿ ಹೇಗಿರುತ್ತದೆ ಅನ್ನುವುದೇ ಗೊತ್ತಿರುವುದಿಲ್ಲ, ರೋಗದ ಮರಿಯನ್ನು ಹೇಗೆ ಸುಧಾರಿಸಿಯಾರು? ಮೇಲಾಗಿ ನಾವು ಕನಿಕರದಿಂದ ಕೊಟ್ಟ ದುಡ್ಡಿಗೆ ಅದೇ ದೀಪವಿಲ್ಲದ ಮೂಲೆಗೆ ಇನ್ನೊಂದು ಮರಿ ಬರುತ್ತದೆ. ಇದಕ್ಕೆ ವೈದ್ಯರು ಬೇಕು ಅಂತ ಹುಡುಗನಿಗೆ ಹೇಳಿ ಬರಿಗೈಲಿ ಹೊರಟೆವು. ಕಾರಿನಲ್ಲಿ ಮಗಳು ಮಾತಾಡಲಿಲ್ಲ, ಮಾರನೆಯ ದಿನವೂ.

ಕೊನೆಗೆ ಮನೆಯಲ್ಲೇ ಮರಿ ಮಾಡಿಸುವ ಒಬ್ಬರಲ್ಲಿ ತಗೊಂಡೆವು. ನಾಲ್ಕು ತಿಂಗಳದ್ದು, ಗೇಣಿಗಿಂತ ಚೂರು ಉದ್ದ. 15 ಸೆಂಟಿಮೀಟರಿಗಿಂತ ಚಿಕ್ಕ ಮರಿ ಅಗ್ಗಕ್ಕೆ ಕೊಟ್ಟರೂ ಬೇಡ, ಅವು ತೀರಾ ನಾಜೂಕು. ಈ ಸಲ ಮಗಳೇ ಪರೀಕ್ಷಕಿ. ಕಣ್ಣು ಹೊಳೀತಿದೆಯಾ, ಒಳಗೆ ಕುಸಿದಿದೆಯಾ? ಮೂಗಿನಲ್ಲಿ, ಬಾಯಂಚಲ್ಲಿ ಗುಳ್ಳೆ, ಸಿಂಬಳ? ಬಾಲದಡಿ ಹಿಕ್ಕೆ ಮೆತ್ತಿಕೊಂಡಿದೆಯಾ? ಆಮೇಲೆ ಬೆರಳೆಣಿಕೆ! ಇಕ್ಕಟ್ಟಿನಲ್ಲಿ ಬೆಳೆದ ಮರಿಗಳು ಒಂದರ ಬೆರಳು, ಬಾಲದ ತುದಿ ಇನ್ನೊಂದು ಕಚ್ಚಿಬಿಡುತ್ತವೆ, ಮತ್ತೆ ಇವುಗಳ ಬಾಲ ನಮ್ಮ ಮನೆಹಲ್ಲಿಯ ಹಾಗೆ ಮರಳಿ ಬೆಳೆಯುವುದಿಲ್ಲ. ವಾಸಿಯಾದ ಹಳೇ ಗಾಯವಾದರೆ ಚಿಂತೆಯಿಲ್ಲ, ಬಾಲದ ತುದಿ ಕಪ್ಪಾಗಿ ಒಣಗಿದ್ದರೆ ಮಾತ್ರ ಬೇಡ. ಮುಂಗಾಲೊಂದನ್ನು ಎತ್ತಿ ಟಾಟಾ ಮಾಡಿದರೆ ರೋಗವಲ್ಲ, 'ನಾನು ಚಿಕ್ಕವನು, ಬಿಟ್ಬಿಡಿ' ಅನ್ನುವ ಶರಣಾಗತಿ ಅದು.

ಎಲ್ಲಕ್ಕಿಂತ ಮುಖ್ಯ, ನಿಮ್ಮೆದುರೇ ತಿನ್ನಿಸಲು ಹೇಳಿ. ನಮ್ಮದು ಕ್ರಿಕೆಟ್ ಹುಳು ಬಿಟ್ಟ ಕೂಡಲೇ ನುಗ್ಗಿ ಎರಡು ನುಂಗಿತು. ಅಮ್ಮ ಆಗ ಒಪ್ಪಿಗೆ ಕೊಟ್ಟಳು.

ಕಣ್ಣಿಗೆ ಕಾಣದ್ದೂ ಇದೆ. ಅಡಿನೋವೈರಸ್ ಅಂತೊಂದಿದೆ, ಅದನ್ನು ಹೊತ್ತ ಮರಿ ಚೆನ್ನಾಗಿಯೇ ಕಾಣಬಹುದು, ಮದ್ದಿಲ್ಲ. ಪರೀಕ್ಷೆ ಮಾಡಿಸಿದ್ದೀರಾ ಅಂತ ಮಾರುವವರನ್ನು ಕೇಳಿ. ಮೊದಲ ವಾರಗಳಲ್ಲೇ ಹಿಕ್ಕೆಯನ್ನು ವೈದ್ಯರಲ್ಲಿ ಪರೀಕ್ಷಿಸಿ, ಕರುಳಿನ ಪರೋಪಜೀವಿ ಸಾಮಾನ್ಯ.

ಆರೋಗ್ಯವಾಗಿರುವ ಮರಿಯೂ ಸಾಲ್ಮೊನೆಲ್ಲಾ ಹೊತ್ತಿರಬಹುದು. 2024ರಲ್ಲಿ ಇಲ್ಲಿನ ಸಿಡಿಸಿ ಈ ಪ್ರಾಣಿಯ ನಂಟಿದ್ದ ಸೋಂಕುಗಳ ಬಗ್ಗೆ ಎಚ್ಚರಿಸಿತ್ತು, ಕಾಯಿಲೆ ಬಿದ್ದವರಲ್ಲಿ ಹಸುಗೂಸುಗಳೇ ಬಹಳ. ಐದು ವರ್ಷದೊಳಗಿನವರು, 65 ದಾಟಿದವರು ಇರುವ ಮನೆಗೆ ಇದು ತಕ್ಕ ಪ್ರಾಣಿಯಲ್ಲ ಅನ್ನುತ್ತಾರೆ. ಅಮ್ಮನಿಗೆ 71. ಹಾಗಾಗಿ ಅವಳು ಊರಿಗೆ ಹೊರಡುವವರೆಗೆ ಮರಿಯನ್ನು ಅವರಲ್ಲೇ ಬಿಟ್ಟು, ಮುಂಗಡ ಕೊಟ್ಟು ಬಂದೆವು. ಈಗಲೂ ಅಡುಗೆಮನೆ ಸಿಂಕಿಗೆ ಅದರ ತಟ್ಟೆ ತರುವಂತಿಲ್ಲ, ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಲೇಬೇಕು.

ಹುಳು ತರಲು ಮಾತ್ರ ಆ ಹಳೇ ಅಂಗಡಿಗೇ ಹೋಗುತ್ತೇವೆ, ಹತ್ತಿರದಲ್ಲಿ ಬೇರೆ ಇಲ್ಲ. ಮೂಲೆಯ ಮರಿ ಈಗಿಲ್ಲ. ಒಳಗೆ ಚಿಕಿತ್ಸೆ ನಡೀತಿದೆ ಅಂದ ಹುಡುಗ. ಪ್ರತಿ ಶನಿವಾರ ಮಗಳು ಕೇಳುತ್ತಾಳೆ, ಪ್ರತಿ ಶನಿವಾರ ಅವನು ಅದನ್ನೇ ಹೇಳುತ್ತಾನೆ.